ಎಕ್ಸೆಲ್ ಫೈಲ್ ಸೇವ್ ಆಗದಿದ್ದರೆ, ತೆರೆಯದಿದ್ದರೆ: ಮೊದಲು ಏನು, ಆಮೇಲೆ ಏನು

ಮಾರ್ಚ್ ಕೊನೆಯ ವಾರದ ಒಂದು ಸಂಜೆ ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿದರು. "ಸಾರ್, ಬಟವಾಡೆ ಶೀಟ್ ಸೇವ್ ಆಗ್ಲಿಲ್ಲ. ಡಾಕ್ಯುಮೆಂಟ್ ನಾಟ್ ಸೇವ್ಡ್ ಅಂತ ಬಂತು."

"ಎಕ್ಸೆಲ್ ಇನ್ನೂ ತೆರೆದೇ ಇದೆಯಾ?"

"ಇಲ್ಲ ಸಾರ್, ಸಿಸ್ಟಮ್ ರೀಸ್ಟಾರ್ಟ್ ಮಾಡ್ಬಿಟ್ಟೆ."

ಮಧ್ಯಾಹ್ನದಿಂದ ಕೂತು ಒಬ್ಬೊಬ್ಬ ಉತ್ಪಾದಕರ ಲೀಟರ್, ಫ್ಯಾಟ್, ದರ ಎಲ್ಲ ತುಂಬಿದ್ದರು. ಎಕ್ಸೆಲ್ ಆಗಾಗ ತಾನಾಗಿಯೇ ಇಟ್ಟುಕೊಳ್ಳುವ ಆಟೋರಿಕವರ್ ಪ್ರತಿಯಿಂದ ಒಂದಿಷ್ಟು ಸಿಕ್ಕಿತು. ಉಳಿದದ್ದನ್ನು ರಾತ್ರಿ ಹನ್ನೊಂದರವರೆಗೆ ಮತ್ತೆ ಟೈಪ್ ಮಾಡಿದರು. ಕಾರಣ ಹುಡುಕಿದರೆ ಸಿ ಡ್ರೈವ್ ತುಂಬಿತ್ತು, ಅಷ್ಟೇ. ರೀಸ್ಟಾರ್ಟ್ ಮಾಡದೆ ಹಾಗೇ ಬಿಟ್ಟಿದ್ದರೆ ಎರಡು ನಿಮಿಷದಲ್ಲಿ ಎಲ್ಲವೂ ಉಳಿಯುತ್ತಿತ್ತು.

ಹಾಗಾಗಿ ಈ ಲೇಖನವನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಸೇವ್ ಆಗದ ಫೈಲ್ ಪರದೆಯ ಮೇಲೆ ತೆರೆದಿರುವಷ್ಟು ಹೊತ್ತು ನಿಮ್ಮ ಕೆಲಸ ಕಂಪ್ಯೂಟರಿನ ಮೆಮೊರಿಯಲ್ಲಿ ಜೀವಂತವಾಗಿದೆ. ಎಕ್ಸೆಲ್ ಮುಚ್ಚಬೇಡಿ, ರೀಸ್ಟಾರ್ಟ್ ಮಾಡಬೇಡಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ. ಕಾರಣ ಆಮೇಲೆ ಹುಡುಕೋಣ, ಮೊದಲು ಡೇಟಾ ಹೊರಗೆ ತರೋಣ.

ಸೇವ್ ಆಗುತ್ತಿಲ್ಲ: ಮೊದಲ ಐದು ನಿಮಿಷ

ಎಫ್12 ಒತ್ತಿ. ಸೇವ್ ಆ್ಯಸ್ ಪೆಟ್ಟಿಗೆ ಬರುತ್ತದೆ. ಜಾಗ ಬದಲಿಸಿ, ಹೆಸರನ್ನೂ ಬದಲಿಸಿ. ಫೈಲ್ ಪೆನ್‌ಡ್ರೈವ್‌ನಲ್ಲಿದ್ದರೆ ಡೆಸ್ಕ್‌ಟಾಪಿಗೆ, ಡೆಸ್ಕ್‌ಟಾಪಿನಲ್ಲಿದ್ದರೆ ಡಿ ಡ್ರೈವಿಗೆ, ಕಚೇರಿಯ ನೆಟ್‌ವರ್ಕ್ ಫೋಲ್ಡರಿನಲ್ಲಿದ್ದರೆ ನಿಮ್ಮದೇ ಕಂಪ್ಯೂಟರಿಗೆ. ಹೆಸರು ಚಿಕ್ಕದಾಗಿರಲಿ, 'ಮಾರ್ಚ್2' ಎಂದಿದ್ದರೂ ಸಾಕು. ನಾನು ನೋಡಿದ ಹತ್ತು ಪ್ರಕರಣಗಳಲ್ಲಿ ಆರೇಳು ಇಲ್ಲಿಗೇ ಮುಗಿಯುತ್ತವೆ.

ಆಗಲೂ ಒಪ್ಪದಿದ್ದರೆ ಕೆಳಗಿರುವ ಶೀಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಲೆಕ್ಟ್ ಆಲ್ ಶೀಟ್ಸ್' ಆರಿಸಿ. ಮತ್ತೆ ರೈಟ್ ಕ್ಲಿಕ್ ಮಾಡಿ 'ಮೂವ್ ಆರ್ ಕಾಪಿ'ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ 'ನ್ಯೂ ಬುಕ್' ಆಯ್ದು, 'ಕ್ರಿಯೇಟ್ ಎ ಕಾಪಿ' ಎಂಬಲ್ಲಿ ಗುರುತು ಹಾಕಿ. ಎಲ್ಲ ಶೀಟುಗಳೂ ಹೊಸ ಪುಸ್ತಕಕ್ಕೆ ಹೋಗುತ್ತವೆ. ಅದನ್ನು ಸೇವ್ ಮಾಡಿ ನೋಡಿ.

ಅದೂ ಆಗದಿದ್ದರೆ ನೋಟ್‌ಪ್ಯಾಡ್ ತೆರೆದುಕೊಳ್ಳಿ. ಶೀಟಿನಲ್ಲಿ ಕಂಟ್ರೋಲ್-ಎ, ಕಂಟ್ರೋಲ್-ಸಿ, ನೋಟ್‌ಪ್ಯಾಡಿನಲ್ಲಿ ಕಂಟ್ರೋಲ್-ವಿ. ಬಣ್ಣ, ಗೆರೆ, ಅಂದಚಂದ ಹೋಗುತ್ತದೆ, ಆದರೆ ಪರದೆಯಲ್ಲಿ ಕಾಣುವ ಅಂಕಿಗಳು ಉಳಿಯುತ್ತವೆ. ಸೂತ್ರಗಳೂ ಬೇಕಿದ್ದರೆ ಎಕ್ಸೆಲ್‌ನ ಫಾರ್ಮುಲಾಸ್ ಟ್ಯಾಬ್‌ನಲ್ಲಿ 'ಶೋ ಫಾರ್ಮುಲಾಸ್' ಒತ್ತಿ, ಇನ್ನೊಮ್ಮೆ ಹಾಗೇ ನಕಲು ಮಾಡಿ. ಆಗ ಮೊತ್ತದ ಬದಲು ಸೂತ್ರವೇ ಅಕ್ಷರವಾಗಿ ನೋಟ್‌ಪ್ಯಾಡಿಗೆ ಬರುತ್ತದೆ. ಪ್ರತಿ ಶೀಟಿಗೂ ಹೀಗೆ ಮಾಡುವುದು ಬೇಸರದ ಕೆಲಸವೇ, ಆದರೂ ಮತ್ತೆ ಟೈಪ್ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಎಕ್ಸೆಲ್ ಸೇವ್ ಮಾಡುವಾಗ ಒಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಎರರ್ ಸಂದೇಶಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕಂಟ್ರೋಲ್-ಎಸ್ ಒತ್ತಿದಾಗ ಎಕ್ಸೆಲ್ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ಅರ್ಥವಿಲ್ಲದ ಅಕ್ಷರ-ಅಂಕಿಗಳ ಹೆಸರಿನ ಒಂದು ತಾತ್ಕಾಲಿಕ ಫೈಲ್ ಮಾಡಿ, ಪೂರ್ತಿ ಕೆಲಸವನ್ನು ಅದರಲ್ಲಿ ಬರೆಯುತ್ತದೆ. ಬರೆದು ಮುಗಿದ ಮೇಲೆ ಹಳೆಯ ಫೈಲನ್ನು ಅಳಿಸಿ, ತಾತ್ಕಾಲಿಕ ಫೈಲಿಗೆ ಹಳೆಯ ಹೆಸರು ಕೊಡುತ್ತದೆ. ಅರ್ಧದಲ್ಲಿ ಕರೆಂಟ್ ಹೋದರೂ ಹಳೆಯದಾದರೂ ಉಳಿಯಲಿ ಎಂಬ ಎಚ್ಚರಿಕೆ ಇದು.

ಅಂದರೆ ಸೇವ್ ಆಗಲು ನಾಲ್ಕು ಅನುಕೂಲ ಬೇಕು: ಹೊಸದೂ ಹಳೆಯದೂ ಒಟ್ಟಿಗೆ ಹಿಡಿಸುವಷ್ಟು ಜಾಗ, ಫೋಲ್ಡರಿನಲ್ಲಿ ಹೊಸ ಫೈಲ್ ಮಾಡುವ ಅನುಮತಿ, ಹಳೆಯದನ್ನು ಅಳಿಸಿ ಹೆಸರು ಬದಲಿಸುವ ಅನುಮತಿ, ಮತ್ತು ಆ ಹೊತ್ತಿನಲ್ಲಿ ಬೇರಾರೂ ಫೈಲನ್ನು ಹಿಡಿದುಕೊಂಡಿರಬಾರದು. ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ನೋಡುತ್ತಾ ಹೋಗಿ.

ಜಾಗ. 'ದಿಸ್ ಪಿಸಿ' ತೆರೆದು ಡ್ರೈವ್ ಕೆಂಪಾಗಿದೆಯೇ ನೋಡಿ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ 'ಟೆಂಪ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ತಾತ್ಕಾಲಿಕ ಫೈಲುಗಳ ಫೋಲ್ಡರ್ ಬರುತ್ತದೆ. ಅಲ್ಲಿನ ಹಳೆಯ ದಿನಾಂಕದವುಗಳನ್ನು ಅಳಿಸಬಹುದು. ಇವತ್ತಿನ ದಿನಾಂಕದವನ್ನು ಮಾತ್ರ ಮುಟ್ಟಬೇಡಿ, ನಿಮ್ಮ ಕಳೆದುಹೋದ ಕೆಲಸವೇ ಅದರಲ್ಲಿರಬಹುದು.

ಅನುಮತಿ. ಕಿಟಕಿಯ ನೆತ್ತಿಯಲ್ಲಿ 'ರೀಡ್-ಓನ್ಲಿ' ಎಂದಿದ್ದರೆ ಫೈಲ್ ಎಲ್ಲಿಂದ ತೆರೆದಿರಿ ನೆನಪಿಸಿಕೊಳ್ಳಿ. ಇಮೇಲಿನ ಅಟ್ಯಾಚ್‌ಮೆಂಟ್ ಮೇಲೆ ನೇರ ಕ್ಲಿಕ್ ಮಾಡಿದ್ದರೆ ಅಥವಾ ಜಿಪ್ ಒಳಗಿಂದಲೇ ತೆರೆದಿದ್ದರೆ ನೀವು ಕೆಲಸ ಮಾಡುತ್ತಿರುವುದು ಎಲ್ಲೋ ಅಡಗಿರುವ ತಾತ್ಕಾಲಿಕ ನಕಲಿನ ಮೇಲೆ. ಸೇವ್ ಆದಂತೆ ಕಂಡರೂ ಮರುದಿನ ಸಿಗುವುದಿಲ್ಲ. ಮೊದಲು ಡಾಕ್ಯುಮೆಂಟ್ಸ್‌ಗೆ ಇಳಿಸಿಕೊಂಡು ಆಮೇಲೆ ತೆರೆಯುವ ರೂಢಿ ಮಾಡಿಕೊಳ್ಳಿ. ಸಾರ್ವಜನಿಕ ಸೇವಾ ಕೇಂದ್ರಗಳಲ್ಲಿ, ಸೈಬರ್‌ಗಳಲ್ಲಿ ಈ ತಪ್ಪಿನಿಂದ ಜನ ಕಳೆದುಕೊಂಡ ಅರ್ಜಿ ಪಟ್ಟಿಗಳನ್ನು ನೋಡಿ ನನಗೆ ಸಂಕಟವಾಗಿದೆ.

ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎರಡರಲ್ಲೂ ಸೇವ್ ಆಗದೆ ಡಿ ಡ್ರೈವಿನಲ್ಲಿ ಮಾತ್ರ ಆಗುತ್ತಿದ್ದರೆ ವಿಂಡೋಸ್ ಸೆಕ್ಯುರಿಟಿಯ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಆನ್ ಆಗಿರಬಹುದು. ಇದು ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ತಡೆಯಲು ಇರುವ ಕಾವಲು. ಅದನ್ನು ಆಫ್ ಮಾಡುವ ಬದಲು, ಅಲ್ಲೇ ಇರುವ ಅನುಮತಿ ಪಟ್ಟಿಗೆ ಎಕ್ಸೆಲನ್ನು ಸೇರಿಸಿ.

ಹಿಡಿದುಕೊಂಡವರು. ಫೈಲ್ ತೆರೆದಾಗಲೆಲ್ಲ ಎಕ್ಸೆಲ್ ಅದೇ ಫೋಲ್ಡರಿನಲ್ಲಿ ~$ ಚಿಹ್ನೆಯಿಂದ ಶುರುವಾಗುವ ಅದೇ ಹೆಸರಿನ ಪುಟ್ಟ ಅಡಗಿದ ಫೈಲ್ ಇಡುತ್ತದೆ. 'ಇದನ್ನು ಇಂಥವರು ತೆರೆದಿದ್ದಾರೆ' ಎಂಬ ಚೀಟಿ ಅದು. ಎಕ್ಸೆಲ್ ಕ್ರ್ಯಾಶ್ ಆದರೆ ಚೀಟಿ ಹಾಗೇ ಉಳಿದು, ಯಾರೂ ತೆರೆದಿಲ್ಲದಿದ್ದರೂ 'ಫೈಲ್ ಈಸ್ ಲಾಕ್ಡ್ ಫಾರ್ ಎಡಿಟಿಂಗ್' ಎನ್ನುತ್ತದೆ. ಎಲ್ಲರೂ ಎಕ್ಸೆಲ್ ಮುಚ್ಚಿದ್ದಾರೆಂದು ಖಚಿತಪಡಿಸಿಕೊಳ್ಳಿ. ಟಾಸ್ಕ್ ಮ್ಯಾನೇಜರಿನಲ್ಲಿ ಕಾಣದೆ ಕುಳಿತ ಎಕ್ಸೆಲ್ ಇದ್ದರೆ ಅದನ್ನು ಮುಗಿಸಿ. ನಂತರ ಚೀಟಿಯನ್ನು ಅಳಿಸಿ. ಫೋಲ್ಡರ್ ಕಿಟಕಿಯ ಬಲಬದಿಯ ಪ್ರಿವ್ಯೂ ಪೇನ್ ಕೂಡ ಫೈಲನ್ನು ಹಿಡಿದುಕೊಳ್ಳುತ್ತದೆ. ಆಲ್ಟ್-ಪಿ ಒತ್ತಿ ಅದನ್ನು ಮುಚ್ಚಿ.

ಕನ್ನಡದಲ್ಲಿ ಹೆಸರಿಡುವವರು ತಿಳಿದಿರಬೇಕಾದದ್ದು

ಫೈಲಿಗೆ ಕನ್ನಡ ಹೆಸರಿಟ್ಟರೆ ತೊಂದರೆಯೇನಿಲ್ಲ, ಇಡಿ. ಆದರೆ ಎಕ್ಸೆಲ್ ಫೈಲಿನ ಪೂರ್ತಿ ದಾರಿ, ಅಂದರೆ ಡ್ರೈವ್, ಫೋಲ್ಡರುಗಳು, ಫೈಲ್ ಹೆಸರು ಎಲ್ಲ ಸೇರಿ, 218 ಅಕ್ಷರ ಮೀರಬಾರದು. ಕನ್ನಡದಲ್ಲಿ ಈ ಲೆಕ್ಕ ಕಣ್ಣಿಗೆ ಕಂಡಂತಿರುವುದಿಲ್ಲ. ನಮಗೆ 'ಸ್ತ್ರೀ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು, ಹೀಗೆ ಒಟ್ಟು 6. 'ಸ್ತ್ರೀಶಕ್ತಿ' ಎಂದರೆ 11. ಫೋಲ್ಡರಿನೊಳಗೆ ಫೋಲ್ಡರ್ ಮಾಡಿ, ಪ್ರತಿಯೊಂದಕ್ಕೂ ಸಂಘದ ಪೂರ್ತಿ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು ಎಲ್ಲ ಬರೆದರೆ ಮಿತಿ ಬೇಗ ಮುಟ್ಟುತ್ತದೆ. ಫೈಲನ್ನು ಡಿ ಡ್ರೈವಿನ ಬುಡಕ್ಕೆ ನಕಲು ಮಾಡಿದಾಗ ಸಲೀಸಾಗಿ ತೆರೆದರೆ ಕಾರಣ ಇದೇ.

ದಿನಾಂಕವನ್ನು ಹೆಸರಿನಲ್ಲಿ ಬರೆಯುವಾಗ 31/03 ಎಂದು ಓರೆಗೆರೆ ಹಾಕಿದರೆ ವಿಂಡೋಸ್ ಒಪ್ಪುವುದಿಲ್ಲ. 31-03 ಎನ್ನಿ. ಚೌಕ ಆವರಣ [ ] ಇರುವ ಹೆಸರನ್ನು ವಿಂಡೋಸ್ ಒಪ್ಪಿದರೂ ಎಕ್ಸೆಲ್ ತಕರಾರು ಮಾಡುತ್ತದೆ, ಏಕೆಂದರೆ ಅದರ ಸೂತ್ರಗಳಲ್ಲಿ ಬೇರೆ ಫೈಲಿನ ಹೆಸರು ಬರೆಯುವುದೇ ಆ ಆವರಣದೊಳಗೆ.

ಫೈಲ್ ತೆರೆಯುತ್ತಿಲ್ಲ

ಇಲ್ಲಿ ಮೊದಲ ಕೆಲಸ ನಕಲು. ಕೆಟ್ಟ ಫೈಲನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಎಲ್ಲ ಪ್ರಯೋಗವನ್ನೂ ನಕಲಿನ ಮೇಲೆ ಮಾಡಿ. ಮೂಲವನ್ನು ಮುಟ್ಟಬೇಡಿ.

ಎರಡನೆಯದು, ಗಾತ್ರ ನೋಡಿ. 0 ಕೆಬಿ ಇದ್ದರೆ ಒಳಗೆ ಏನೂ ಇಲ್ಲ. ರಿಪೇರಿ ತಂತ್ರಾಂಶಕ್ಕೆ ದುಡ್ಡು ಕೊಡಬೇಡಿ, ನೇರವಾಗಿ ಹಳೆಯ ಪ್ರತಿ ಹುಡುಕುವ ಭಾಗಕ್ಕೆ ಹೋಗಿ. ಗಾತ್ರ ಮೊದಲಿನಷ್ಟೇ ಇದ್ದರೆ ಆಸೆ ಇದೆ.

ಮೂರನೆಯದು, ಬೇರೆ ಎಕ್ಸೆಲ್ ಫೈಲ್ ತೆರೆಯುತ್ತದೆಯೇ? ಯಾವುದೂ ತೆರೆಯದಿದ್ದರೆ ದೋಷ ಫೈಲಿನದಲ್ಲ, ಎಕ್ಸೆಲ್‌ನದು. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಎಕ್ಸೆಲ್ ಐಕಾನ್ ಕ್ಲಿಕ್ ಮಾಡಿ, ಸೇಫ್ ಮೋಡ್ ಬೇಕೇ ಎಂದು ಕೇಳಿದಾಗ ಹೂಂ ಅನ್ನಿ. ಆಗ ಸರಿಯಾಗಿ ತೆರೆದರೆ ಯಾವುದೋ ಆ್ಯಡ್-ಇನ್ (ಎಕ್ಸೆಲ್‌ಗೆ ಅಂಟಿಸಿದ ಹೆಚ್ಚುವರಿ ತಂತ್ರಾಂಶ) ಅಡ್ಡಿ. ಆಪ್ಷನ್ಸ್‌ನ ಆ್ಯಡ್-ಇನ್ಸ್ ಪಟ್ಟಿಯಲ್ಲಿ ಒಂದೊಂದಾಗಿ ತೆಗೆದು ನೋಡಿ. ಬೂದು ಬಣ್ಣದ ಖಾಲಿ ಕಿಟಕಿ ಮಾತ್ರ ಬಂದರೆ ವ್ಯೂ ಟ್ಯಾಬ್‌ನ 'ಅನ್‌ಹೈಡ್' ಒತ್ತಿ. ಅದರಿಂದಾಗದಿದ್ದರೆ ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ ಕೆಳಗಿಳಿದು ಡಿಡಿಇ (ತಂತ್ರಾಂಶಗಳ ನಡುವೆ ಮಾಹಿತಿ ದಾಟಿಸುವ ಹಳೆಯ ವಿಧಾನ) ಬಳಸುವ ಬೇರೆ ಅಪ್ಲಿಕೇಶನ್‌ಗಳನ್ನು ಕಡೆಗಣಿಸುವ 'ಇಗ್ನೋರ್' ಗುರುತನ್ನು ತೆಗೆಯಿರಿ.

ಹೆಚ್ಚು ಜನಕ್ಕೆ ಹೊಳೆಯದ ಒಂದು ಕಾರಣ ಪ್ರಿಂಟರ್. ಎಕ್ಸೆಲ್ ಪುಟದ ಅಳತೆಗಾಗಿ ಡಿಫಾಲ್ಟ್ ಪ್ರಿಂಟರನ್ನು ವಿಚಾರಿಸುತ್ತದೆ. ಅದು ನೆಟ್‌ವರ್ಕಿನಲ್ಲಿದ್ದು ಆಫ್ ಆಗಿದ್ದರೆ ಉತ್ತರಕ್ಕಾಗಿ ಕಾಯುತ್ತಾ ಫೈಲ್ ಸ್ತಬ್ಧವಾಗಬಹುದು. ಡಿಫಾಲ್ಟ್ ಪ್ರಿಂಟರನ್ನು 'ಪ್ರಿಂಟ್ ಟು ಪಿಡಿಎಫ್'ಗೆ ಬದಲಿಸಿ ನೋಡಿ.

ಒಂದೇ ಫೈಲ್ ಹಟ ಮಾಡುತ್ತಿದ್ದರೆ ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಕೆಳಗೆ 'ಅನ್‌ಬ್ಲಾಕ್' ಎಂಬ ಚೌಕ ಕಂಡರೆ, ಮತ್ತು ಕಳಿಸಿದವರು ನಿಮಗೆ ಗೊತ್ತಿದ್ದರೆ, ಗುರುತು ಹಾಕಿ. ಇಂಟರ್ನೆಟ್ಟಿನಿಂದ ಬಂದ ಫೈಲುಗಳಿಗೆ ವಿಂಡೋಸ್ ಒತ್ತುವ ಮುದ್ರೆ ಅದು. 2022ರಿಂದ ಇಂಥ ಫೈಲುಗಳಲ್ಲಿನ ಮ್ಯಾಕ್ರೋಗಳನ್ನು (ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಂಗಳನ್ನು) ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತಿದೆ. ಗುರುತಿಲ್ಲದವರಿಂದ ಬಂದದ್ದಾದರೆ ಆ ತಡೆ ನಿಮ್ಮ ಒಳ್ಳೆಯದಕ್ಕೇ ಇದೆ, ತೆಗೆಯಬೇಡಿ.

'ಫೈಲ್ ಫಾರ್ಮ್ಯಾಟ್ ಆರ್ ಎಕ್ಸ್‌ಟೆನ್ಶನ್ ಈಸ್ ನಾಟ್ ವ್ಯಾಲಿಡ್' ಎಂದರೆ ಹೆಸರಿನ ಬಾಲವೂ (ಚುಕ್ಕೆಯ ನಂತರದ ಭಾಗ) ಒಳಗಿನ ಸರಕೂ ತಾಳೆಯಾಗುತ್ತಿಲ್ಲ. ನಕಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಎರಡು ಅಕ್ಷರ ಮಾತ್ರ ನೋಡಿ, ಸೇವ್ ಮಾಡದೆ ಮುಚ್ಚಿ. ಇಂಗ್ಲಿಷಿನ ಪಿ ಮತ್ತು ಕೆ ಇದ್ದರೆ ಅದು ಹೊಸ ಬಗೆಯ ನಿಜವಾದ ಎಕ್ಸೆಲ್ ಫೈಲ್, ಅಂದರೆ ಎಕ್ಸ್‌ಎಲ್‌ಎಸ್‌ಎಕ್ಸ್. (ಆ ಎರಡಕ್ಷರ ಜಿಪ್ ವಿಧಾನವನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನವು.) ಕೋನ ಆವರಣದೊಳಗೆ 'ಎಚ್‌ಟಿಎಮ್‌ಎಲ್' ಅಥವಾ 'ಟೇಬಲ್' ಎಂದಿದ್ದರೆ ಅದು ಎಕ್ಸೆಲ್ ಹೆಸರು ಹೊತ್ತ ವೆಬ್ ಪುಟ. ಎಷ್ಟೋ ಪೋರ್ಟಲ್‌ಗಳ 'ಎಕ್ಸೆಲ್ ಡೌನ್‌ಲೋಡ್' ಬಟನ್ ಕೊಡುವುದು ಇದನ್ನೇ. ಎಚ್ಚರಿಕೆಗೆ 'ಯೆಸ್' ಎಂದು ತೆರೆದು, ಎಫ್12 ಒತ್ತಿ ನಿಜವಾದ ಎಕ್ಸೆಲ್ ವರ್ಕ್‌ಬುಕ್ ಆಗಿ ಸೇವ್ ಮಾಡಿಕೊಳ್ಳಿ.

ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಅಕ್ಷರದ) ಫೈಲಿನ ಮೊದಲ ಎರಡು ಅಕ್ಷರ ದೊಡ್ಡಕ್ಷರದ ಐ, ಡಿ ಆಗಿದ್ದರೆ ಎಕ್ಸೆಲ್ ಅದನ್ನು ಸಿಲ್ಕ್ ಎಂಬ ಹಳೆಯ ಬಗೆಯೆಂದು ಭಾವಿಸಿ ದೋಷ ಹೇಳುತ್ತದೆ. ಮೊದಲ ಕಾಲಮ್ಮಿನ ತಲೆಬರಹವನ್ನು ಸಣ್ಣಕ್ಷರಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಫೈಲ್ ನಿಜಕ್ಕೂ ಕೆಟ್ಟಿದ್ದರೆ

ಎಕ್ಸೆಲ್‌ನಲ್ಲಿ ಫೈಲ್, ಓಪನ್, ಬ್ರೌಸ್. ನಕಲನ್ನು ಒಮ್ಮೆ ಕ್ಲಿಕ್ಕಿಸಿ ಆರಿಸಿ. 'ಓಪನ್' ಬಟನ್ ಒತ್ತದೆ, ಅದರ ಪಕ್ಕದ ಪುಟ್ಟ ಬಾಣ ಒತ್ತಿ 'ಓಪನ್ ಆ್ಯಂಡ್ ರಿಪೇರ್' ಆರಿಸಿ. ಮೊದಲು 'ರಿಪೇರ್' ಮಾಡಿ. ಅದು ಸೋತರೆ ಮತ್ತೆ ಅದೇ ದಾರಿಯಲ್ಲಿ ಬಂದು 'ಎಕ್ಸ್‌ಟ್ರ್ಯಾಕ್ಟ್ ಡೇಟಾ'. ಎರಡನೆಯದು ಅಂದವನ್ನು ಬಿಟ್ಟು ಅಂಕಿ-ಸೂತ್ರಗಳನ್ನಷ್ಟೇ ಎತ್ತುತ್ತದೆ.

ಅಲ್ಲೂ ಆಗದಿದ್ದರೆ ಉಚಿತ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಎಕ್ಸೆಲ್ ಕೈಬಿಟ್ಟ ಫೈಲನ್ನು ಅದು ತೆರೆದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಗೂಗಲ್ ಡ್ರೈವಿಗೆ ಹಾಕಿ ಶೀಟ್ಸ್‌ನಲ್ಲಿ ತೆರೆಯುವುದೂ ಒಂದು ದಾರಿ. ಆದರೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ನಿಮ್ಮ ಸ್ವಂತ ಖಾತೆಗೆ ಏರಿಸುವ ಮುನ್ನ ಕಚೇರಿಯ ಒಪ್ಪಿಗೆ ಪಡೆಯಿರಿ. 'ಆನ್‌ಲೈನಿನಲ್ಲಿ ಫ್ರೀ ರಿಪೇರಿ' ಎನ್ನುವ ಗೊತ್ತಿಲ್ಲದ ಸೈಟುಗಳಿಗಂತೂ ಕೊಡಲೇಬೇಡಿ.

ಕೊನೆಯ ಕೈಚಳಕ ಸ್ವಲ್ಪ ತಾಳ್ಮೆ ಬೇಡುತ್ತದೆ. 2007ರ ಆವೃತ್ತಿಯೊಂದಿಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಎನ್ನುವುದು ಹಲವು ಎಕ್ಸ್‌ಎಮ್‌ಎಲ್ ಫೈಲುಗಳನ್ನು ಕಟ್ಟಿದ ಜಿಪ್ ಗಂಟು. ನಕಲಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿ. 'ಎಕ್ಸ್‌ಎಲ್' ಫೋಲ್ಡರಿನೊಳಗೆ 'ವರ್ಕ್‌ಶೀಟ್ಸ್' ಇರುತ್ತದೆ, ಪ್ರತಿ ಶೀಟಿಗೆ ಒಂದು ಫೈಲ್. ಅಂಕಿಗಳು ಅಲ್ಲಿರುತ್ತವೆ. ಹೆಸರು, ಊರು ಮುಂತಾದ ಅಕ್ಷರಗಳು ಸಾಮಾನ್ಯವಾಗಿ 'ಶೇರ್ಡ್‌ಸ್ಟ್ರಿಂಗ್ಸ್' ಎಂಬ ಬೇರೆ ಫೈಲಿನಲ್ಲಿದ್ದು, ಶೀಟಿನಲ್ಲಿ ಅವುಗಳ ಕ್ರಮಸಂಖ್ಯೆ ಮಾತ್ರ ಇರುತ್ತದೆ. ಒಂದು ಸಂಘದ ಶೀಟ್ ಪೂರ್ತಿ ಹಾಳಾಗಿದ್ದಾಗ ಈ ಒಂದೇ ಫೈಲಿನಿಂದ ಸದಸ್ಯರ ಹೆಸರೆಲ್ಲ ವಾಪಸ್ ಬಂದದ್ದು ಇವತ್ತಿಗೂ ನೆನಪಿದೆ. ಗಂಟೇ ಬಿಚ್ಚದಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು. ಜಿಪ್‌ನ ಪರಿವಿಡಿ ಇರುವುದು ಫೈಲಿನ ಕೊನೆಯಲ್ಲಿ, ಕೊನೆ ಬಾರದಿದ್ದರೆ ಪರಿವಿಡಿಯೇ ಇಲ್ಲ. ಕಳಿಸಿದವರಿಂದ ಇನ್ನೊಮ್ಮೆ ತರಿಸಿಕೊಳ್ಳಿ.

ತೆರೆಯಲು ಇಟ್ಟ ಪಾಸ್‌ವರ್ಡ್ ಮರೆತಿದ್ದರೆ ಈ ಯಾವ ದಾರಿಯೂ ನಡೆಯದು. ಒಳಗಿನದೆಲ್ಲ ಗೂಢಲಿಪಿಯಾಗಿರುತ್ತದೆ, ಪಾಸ್‌ವರ್ಡ್ ನೆನಪಿಸಿಕೊಳ್ಳಲೇಬೇಕು.

ತೆರೆಯಿತು, ಆದರೆ ಕನ್ನಡ ಮಾಯ

ಇದನ್ನು 'ಫೈಲ್ ಕರಪ್ಟ್ ಆಗಿದೆ' ಎಂದೇ ಜನ ಹೇಳುತ್ತಾರೆ. ಬಹಳ ಸಲ ಫೈಲ್ ಚೆನ್ನಾಗಿಯೇ ಇರುತ್ತದೆ. ಮೂರು ಬಗೆ ಇವೆ.

ಹಳೆಯ ಪಟ್ಟಿಯಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳ ಮೇಲೆ ಓರೆಗೆರೆ, ಬಾಲಗಳು ಬೆರೆತ ಸಾಲು ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆದದ್ದು. ಸೆಲ್ ಆರಿಸಿ ಹೋಮ್ ಟ್ಯಾಬ್‌ನಲ್ಲಿ ಫಾಂಟ್ ಹೆಸರು ನೋಡಿ. ಆ ಫಾಂಟ್ ಹಾಕಿಕೊಂಡರೆ ಕನ್ನಡ ಕಾಣುತ್ತದೆ. ಮುಂದೆಯೂ ಬಳಸುವ ಪಟ್ಟಿಯಾದರೆ ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ, ಅಕ್ಷರದ ಕಾಲಮ್‌ಗಳನ್ನು ಮಾತ್ರ.

ಸಿಎಸ್‌ವಿ ತೆರೆದಾಗ ಇಂಗ್ಲಿಷ್ ಸಣ್ಣ ಎ ಅಕ್ಷರದ ತಲೆಯ ಮೇಲೆ ಗೆರೆ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಇದೇ ಮತ್ತೆ ಮತ್ತೆ ಕಂಡರೆ ಅದು ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ವಿಧಾನ) ಕನ್ನಡವನ್ನು ಎಕ್ಸೆಲ್ ತಪ್ಪಾಗಿ ಓದಿರುವ ಗುರುತು. ಸೇವ್ ಮಾಡದೆ ಮುಚ್ಚಿ. ಖಾಲಿ ಪುಸ್ತಕ ತೆರೆದು ಡೇಟಾ ಟ್ಯಾಬ್‌ನ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಮೂಲಕ ತನ್ನಿ, ಫೈಲ್ ಒರಿಜಿನ್‌ನಲ್ಲಿ 65001 ಆರಿಸಿ.

ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಯಾರೋ ಮಾಮೂಲಿ ಸಿಎಸ್‌ವಿಯಾಗಿ ಸೇವ್ ಮಾಡಿದ್ದಾರೆ. ಕನ್ನಡ ಅಳಿಸಿಹೋಗಿದೆ, ಆ ಫೈಲಿನಿಂದ ಮರಳಿ ಬರುವುದಿಲ್ಲ. ಕನ್ನಡವಿದ್ದರೆ 'ಸಿಎಸ್‌ವಿ ಯುಟಿಎಫ್-8' ಎಂಬುದನ್ನೇ ಆರಿಸಬೇಕು. ಸಿಎಸ್‌ವಿಯಲ್ಲಿ ಒಂದೇ ಶೀಟ್ ಉಳಿಯುತ್ತದೆ, ಸೂತ್ರ ಉಳಿಯುವುದಿಲ್ಲ. ಅದನ್ನು ಎಕ್ಸೆಲ್‌ನಲ್ಲಿ ಮತ್ತೆ ತೆರೆದಾಗ ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಸೊನ್ನೆ ಹೋಗುತ್ತದೆ, 15 ಅಂಕಿ ದಾಟಿದ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ.

ಊದಿಕೊಂಡ ಫೈಲ್

ನೂರು ಸಾಲಿನ ಪಟ್ಟಿ 30 ಎಂಬಿ ಇದ್ದರೆ ಕಂಟ್ರೋಲ್-ಎಂಡ್ ಒತ್ತಿ. ಕರ್ಸರ್ ಲಕ್ಷಾಂತರ ಸಾಲಿನಾಚೆ ಹೋಗಿ ನಿಂತರೆ ಯಾರೋ ಕೆಳಗಿನ ಖಾಲಿ ಸೆಲ್‌ಗಳಿಗೂ ಗೆರೆ ಎಳೆದಿರಬಹುದು. ಡೇಟಾದ ಕೆಳಗಿನ ಸಾಲುಗಳನ್ನೆಲ್ಲ ಆರಿಸಿ, ಸಾಲುಗಳನ್ನೇ ಡಿಲೀಟ್ ಮಾಡಿ ಸೇವ್ ಮಾಡಿ. ಬರೀ ಡಿಲೀಟ್ ಕೀಲಿ ಒತ್ತಿದರೆ ಸಾಲದು.

ಹಳೆಯ ಎಕ್ಸ್‌ಎಲ್‌ಎಸ್ ಬಗೆಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ, ಹೊಸದರಲ್ಲಿ 10,48,576. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ವರದಿಯಾಗದೆ ಬಿಟ್ಟುಹೋದವು, ಈ ಹಳೆಯ ಬಗೆಯ ಮಿತಿಯೇ ಕಾರಣವೆಂದು ವರದಿಯಾಯಿತು. ಹಳೆಯ ಫೈಲುಗಳಿದ್ದರೆ ಇವತ್ತೇ ಹೊಸ ಬಗೆಗೆ ಬದಲಿಸಿ.

ಹಳೆಯ ಪ್ರತಿ ಎಲ್ಲೆಲ್ಲಿ ಸಿಗಬಹುದು

ಎಕ್ಸೆಲ್‌ನಲ್ಲಿ ಫೈಲ್, ಇನ್ಫೋ, ಮ್ಯಾನೇಜ್ ವರ್ಕ್‌ಬುಕ್, 'ರಿಕವರ್ ಅನ್‌ಸೇವ್ಡ್ ವರ್ಕ್‌ಬುಕ್ಸ್'. ಮೊದಲು ನೋಡಬೇಕಾದ್ದು ಇಲ್ಲಿ. ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವಿನಲ್ಲಿದ್ದರೆ 'ವರ್ಶನ್ ಹಿಸ್ಟರಿ'. ಇಲ್ಲವಾದರೆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ 'ಪ್ರೀವಿಯಸ್ ವರ್ಶನ್ಸ್'. ಅದೂ ಖಾಲಿಯಾದರೆ ಯಾರಿಗೆ ಕಳಿಸಿದ್ದಿರಿ ನೆನಪಿಸಿಕೊಳ್ಳಿ. ಮೇಲ್ವಿಚಾರಕರಿಗೆ ವಾಟ್ಸಾಪ್ ಮಾಡಿದ ಪ್ರತಿ, ಲೆಕ್ಕಪರಿಶೋಧಕರಿಗೆ ಮೇಲ್ ಮಾಡಿದ ಪ್ರತಿ, ಪ್ರಿಂಟಿಗೆ ಒಯ್ದ ಪೆನ್‌ಡ್ರೈವ್.

ಮುಂದಿನ ಸಲಕ್ಕೆ ಎರಡು ಕೆಲಸ ಈಗಲೇ ಮಾಡಿಡಿ. ಆಪ್ಷನ್ಸ್, ಸೇವ್‌ಗೆ ಹೋಗಿ ಆಟೋರಿಕವರ್ ಅವಧಿಯನ್ನು 10 ನಿಮಿಷದಿಂದ 3ಕ್ಕೆ ಇಳಿಸಿ. ಮುಖ್ಯವಾದ ಫೈಲಿಗೆ ಎಫ್12 ಒತ್ತಿ, ಸೇವ್ ಬಟನ್ ಪಕ್ಕದ ಟೂಲ್ಸ್, ಜನರಲ್ ಆಪ್ಷನ್ಸ್‌ನಲ್ಲಿ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್' ಗುರುತು ಹಾಕಿ. ಅಂದಿನಿಂದ ಪ್ರತಿ ಸಲ ಸೇವ್ ಮಾಡಿದಾಗಲೂ ಅದರ ಹಿಂದಿನ ಪ್ರತಿ ಎಕ್ಸ್‌ಎಲ್‌ಕೆ ಬಾಲದೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ, ಎಕ್ಸೆಲ್‌ನಲ್ಲೇ ತೆರೆಯುತ್ತದೆ. ಆ ಕಾರ್ಯದರ್ಶಿಯ ಬಟವಾಡೆ ಶೀಟಿಗೆ ಮರುದಿನ ಬೆಳಗ್ಗೆಯೇ ಹೋಗಿ ಈ ಗುರುತು ಹಾಕಿಕೊಟ್ಟು ಬಂದೆ.